ಅಂಟಿನ ಅಡಿಯಲ್ಲಿ ಬಿ.ಎ.

ಹೊಸ ಸ್ಟೀಲ್ ತಟ್ಟೆಯ ನಟ್ಟನಡುವೆ ಚೀಟಿ ಅಂಟಿಸುವ ಮನುಷ್ಯ ಯಾರು? ಅವನನ್ನು ನಾನು ಒಮ್ಮೆ ನೋಡಬೇಕು. ತಟ್ಟೆಗೆ ಅಂಚಿದೆ, ಬೆನ್ನಿದೆ. ಅಲ್ಲೆಲ್ಲೂ ಅಂಟಿಸುವುದಿಲ್ಲ. ಅನ್ನ ಬೀಳುವ ಜಾಗ ಯಾವುದೆಂದು ಸರಿಯಾಗಿ ನೋಡಿ, ಅಲ್ಲಿಗೇ ಒತ್ತಿ ಅಂಟಿಸುತ್ತಾನೆ. ಕಳೆದ ವಾರ ನನ್ನ ಹೆಂಡತಿ ಸುಮತಿ ಉಡುಪಿಯಿಂದ ಅಂಥದೊಂದು ತಟ್ಟೆ ತಂದಳು. ಅಂಗಡಿಯವನು ಯಂತ್ರ ಹಿಡಿದು ಟರ್ರೆಂದು ತಟ್ಟೆಯ ಬೆನ್ನಿಗೆ ಅವಳ ಹೆಸರು ಕೊರೆದುಕೊಟ್ಟಿದ್ದಾನೆ. ನಾವು ಕೇಳಿ ಬರೆಸಿಕೊಂಡ ಹೆಸರು ಇರುವೆ ಹರಿದ ಹಾಗಿದೆ. ಓದಲು ಕನ್ನಡಕ ಬೇಕು. ಯಾರೂ ಕೇಳದ ಅವನ ಚೀಟಿ ಅಂಗೈಯಗಲ ಕುಳಿತಿದೆ.

ಉಗುರಿನಿಂದ ಎಬ್ಬಿಸಿದೆ. ಮೇಲಿನ ಬಣ್ಣದ ಪದರ ಬಂತು, ಕೆಳಗಿನ ಬಿಳಿ ಕಾಗದ ಉಳಿಯಿತು. ನೀರು ಹಾಕಿ ಉಜ್ಜಿದೆ. ಕಾಗದ ಹೋಯಿತು, ಅಂಟು ಉಳಿಯಿತು. ಸಾಬೂನು ಹಾಕಿದೆ. ಅಂಟು ಹೋಗಲಿಲ್ಲ, ತೆಂಗಿನ ನಾರೇ ಅದಕ್ಕೆ ಹಿಡಿದುಕೊಂಡಿತು. ತಟ್ಟೆಯನ್ನು ಕಲ್ಲಿನ ಮೇಲೆ ಕುಕ್ಕಿದ್ದು ಅಡುಗೆಮನೆಗೆ ಕೇಳಿರಬೇಕು.

“ಒಂದು ತಟ್ಟೆಗೆ ಇಷ್ಟು ಸಿಟ್ಟು ಎಂತಕ್ಕೆ ಮಾರಾಯ್ರೆ? ತೆಂಗಿನೆಣ್ಣೆ ಸವರಿ ಇಡಿ, ಸಂಜೆಗೆ ಬರ್ತದೆ.”

“ಎಣ್ಣೆ ಹಚ್ಚಿದರೆ ಹೋಗುವಂಥದ್ದಲ್ಲ ಇದು.”

“ಯಾವುದು? ಅಂಟಾ, ನಿಮ್ಮ ಸಿಟ್ಟಾ?”

ನೀವಾದರೂ ಹೇಳಿ. ನನ್ನ ಚಪ್ಪಲಿಯ ಅಟ್ಟೆ ಒಂದೇ ಮಳೆಗೆ ಬಾಯಿ ಬಿಡುತ್ತದೆ. ಅರ್ಜಿಗೆ ಅಂಟಿಸಿದ ಫೋಟೋ ಅಂಚೆಪೆಟ್ಟಿಗೆ ಮುಟ್ಟುವ ಮೊದಲೇ ಕಳಚುತ್ತದೆ. ಹಿಡಿದು ನಿಲ್ಲಬೇಕಾದ ಅಂಟು ಯಾವುದೂ ಈ ಲೋಕದಲ್ಲಿ ನಿಲ್ಲುವುದಿಲ್ಲ. ಬೇಡದ ಜಾಗದಲ್ಲಿ ಬೇಡದವರು ತಂದು ಹಚ್ಚಿದ್ದು ಮಾತ್ರ ಸಾಯುವವರೆಗೆ ಬಿಡುವುದಿಲ್ಲ. ಅಂಟಿನ ಮೇಲಿನ ನನ್ನ ಸಿಟ್ಟು ತಟ್ಟೆಯಿಂದ ಹುಟ್ಟಿದ್ದಲ್ಲ, ಒಂದು ಕ್ಯಾರವಾನಿನಿಂದ ಹುಟ್ಟಿದ್ದು.

ಹೌದು, ಕ್ಯಾರವಾನ್. ಕಾಪುವಿನಲ್ಲಿ ದೀಪಸ್ತಂಭಕ್ಕೆ ಹೋಗುವ ದಾರಿಯ ಬದಿಯ ನಮ್ಮ ಮನೆಯಂಗಳದಲ್ಲಿ ಅದು ನಿಂತಿತ್ತು. ನಮ್ಮ ಮನೆ ಎಂದರೆ ಅಮ್ಮನ ಅಣ್ಣ ವಾಸು ಮಾವನ ಮನೆ. ಬೊಂಬಾಯಿಗೆ ಹೋಟೆಲು ಕೆಲಸಕ್ಕೆ ಹೋದ ಅಪ್ಪ ಅಲ್ಲಿಯೇ ತೀರಿಕೊಂಡ ಮೇಲೆ ಅಮ್ಮ ನನ್ನನ್ನು ಕಟ್ಟಿಕೊಂಡು ಅಣ್ಣನ ಮನೆಗೆ ಬಂದವಳು. ಬೀಡಿ ಕಟ್ಟುತ್ತಿದ್ದಳು. ವಾರದಲ್ಲಿ ಕೆಲವು ದಿನ, ಕಟ್ಟಿದ ಬೀಡಿ ಒಪ್ಪಿಸುವ ಬೀಡಿ ಬ್ರಾಂಚಿಗೆ ಹೋಗಿ ಕಟ್ಟುಗಳಿಗೆ ಲೇಬಲ್ ಅಂಟಿಸುವ ಕೆಲಸವನ್ನೂ ಮಾಡುತ್ತಿದ್ದಳು. ಅಲ್ಲಿಂದ ಬಂದ ದಿನ ಅವಳ ಬೆರಳ ತುದಿಗಳು ತಿಳಿನೀಲಿಯಾಗಿರುತ್ತಿದ್ದವು. ಮೈದಾ ಅಂಟನ್ನು ಜಿರಲೆ ತಿನ್ನದ ಹಾಗೆ ಮೈಲುತುತ್ತು ಹಾಕಿ ಕುದಿಸುತ್ತಾರಲ್ಲ, ಆ ಬಣ್ಣ. ಊಟಕ್ಕೆ ಕುಳಿತಾಗ ಆ ಕೈಯನ್ನು ಅದೆಷ್ಟು ಸಲ ಹುಣಿಸೆಹುಳಿ ಹಾಕಿ ತಿಕ್ಕುತ್ತಿದ್ದಳೋ.

ವಾಸು ಮಾವ ಹೆದ್ದಾರಿಯ ಸೇತುವೆ ಕಟ್ಟುವಲ್ಲಿ ಕಾವಲಿನವರಾಗಿದ್ದರು. ಆ ಕೆಲಸಕ್ಕೆ ಬಂದಿದ್ದ ಇಂಜಿನಿಯರು ಉಳಿದುಕೊಂಡಿದ್ದುದು ಚಕ್ರದ ಮೇಲಿನ ಒಂದು ಮನೆಯಲ್ಲಿ. ಬಿಳಿಯರ ಕಾಲದ ಯಾವುದೋ ಎಸ್ಟೇಟಿನಿಂದ ಬಂದದ್ದಂತೆ. ಮೈಯೆಲ್ಲ ಅಲ್ಯೂಮಿನಿಯಂ ತಗಡು, ಸಾಲು ಸಾಲು ರಿವೆಟ್, ಬಣ್ಣ ಬಳಿದಿರಲಿಲ್ಲ. ಬಿಸಿಲು ಬಿದ್ದರೆ ಆಗ ತಾನೇ ಬಲೆಯಿಂದ ಬಿದ್ದ ಮೀನಿನ ಹಾಗೆ ಹೊಳೆಯುತ್ತಿತ್ತು. ಸೇತುವೆ ಮುಗಿದು ಇಂಜಿನಿಯರು ಹೊರಡುವಾಗ ಅದರ ಆಕ್ಸಲ್ ಮುರಿದಿತ್ತು. “ಇದನ್ನು ನೀನೇ ಇಟ್ಟುಕೋ ವಾಸು” ಎಂದು ಹೇಳಿ ಅವರು ಹೋದರು. ಮಾವ ಅದನ್ನು ಲಾರಿಗೆ ಕಟ್ಟಿ ತಂದರು. ಹೆದ್ದಾರಿಯಿಂದ ಈಚೆಯ ಹೊಯ್ಗೆಯ ದಾರಿಯಲ್ಲಿ ಲಾರಿ ಮರಳಿನಲ್ಲಿ ಹೂತಿತು. ಕೊನೆಗೆ ದೋಣಿ ಎಳೆಯುವವರೇ ಬಂದು ಹಗ್ಗ ಹಾಕಿ, ದೋಣಿಯನ್ನು ದಡಕ್ಕೆ ಎಳೆಯುವ ಹಾಗೆ ಕೂಗು ಹಾಕುತ್ತ ಎಳೆದು ಅಂಗಳಕ್ಕೆ ತಂದು ಮುಟ್ಟಿಸಿದರು. ಚಕ್ರ ತೆಗೆದು ಕೆಂಪುಕಲ್ಲಿನ ಮೇಲೆ ಕೂರಿಸಿದರು. ಊರಿನ ಬಾಯಲ್ಲಿ ಅದು ಗಾಡಿಮನೆ ಆಯಿತು.

ಒಳಗೆ ಗೋಡೆಗೆ ಮಡಚುವ ಮಂಚವೊಂದು, ಮಡಚುವ ಮೇಜೊಂದು, ಮೂಲೆಯಲ್ಲಿ ಸಣ್ಣ ಪಿಂಗಾಣಿಯ ಬೇಸಿನ್ ಇದ್ದವು. ಆ ಬೇಸಿನ್ ಎಂತಕ್ಕೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅತ್ತೆಯ ಕೋಳಿಗೆ ಮಾತ್ರ. ಅದು ಮೊದಲ ವಾರವೇ ಒಳಗೆ ನುಗ್ಗಿ ಅದರಲ್ಲಿ ಮೊಟ್ಟೆ ಇಟ್ಟಿತು. ಮುಂದೆಯೂ ಬೇರೆಲ್ಲೂ ಇಡಲು ಒಪ್ಪಲಿಲ್ಲ. ಮಾವ ಉಳಿದ ಜಾಗಕ್ಕೆ ತೆಂಗಿನಕಾಯಿ ತುಂಬಿಸಿದರು.

ನಾನು ಎಸ್‌ಎಸ್‌ಎಲ್‌ಸಿ ಪಾಸಾದಾಗ ಎಲ್ಲರ ಹಾಗೆ ನನ್ನನ್ನೂ ಬೊಂಬಾಯಿಯ ಬಸ್ಸಿಗೆ ಹತ್ತಿಸುವ ಮಾತಾಯಿತು. ಅಮ್ಮ ಬೀಡಿಯ ಮೊರ ಕೆಳಗಿಟ್ಟು ಎದ್ದು ಬಂದಳು. ನಾವು ಮನೆಯಲ್ಲಿ ಆಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಅಣ್ಣಾ, ಆ ಡಬ್ಬದಿಂದ ಕಾಯಿ ತೆಗೆಸಿ ಇವನಿಗೆ ಕೊಡು. ಇವ ಓದಲಿ.”

“ಓದಿ ಎಂತ ಮಾಡ್ತಾನೆ?”

“ಅದನ್ನು ಓದಿದ ಮೇಲೆ ಹೇಳ್ತೇನೆ.”

ಮಾವ ಕಾಯಿ ತೆಗೆಸಿದರು. ಕೋಳಿಯನ್ನು ತೆಗೆಸಲು ಆಗಲಿಲ್ಲ. ನಾನು ಪದವಿ ಮುಗಿಸುವವರೆಗೂ ಅದು, ಆಮೇಲೆ ಅದರ ಮಗಳು, ನನ್ನ ಜೊತೆ ಅಲ್ಲಿಯೇ ಇದ್ದವು. ಏಪ್ರಿಲಿನಲ್ಲಿ ಆ ತಗಡಿನ ಪೆಟ್ಟಿಗೆಯೊಳಗೆ ಕುಳಿತರೆ ಬೇಕರಿಯ ಗೂಡಿಗೆ ಹೊಕ್ಕ ಹಾಗೆ. ಜೂನಿನಲ್ಲಿ ಮಳೆ ಹೊಡೆಯುವ ಸದ್ದಿಗೆ ನಾನು ಬಾಯಿಪಾಠ ಮಾಡುವುದು ನನಗೇ ಕೇಳುತ್ತಿರಲಿಲ್ಲ. ಉಡುಪಿಯ ಕಾಲೇಜಿಗೆ ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡಿಕೊಂಡು ಹೋಗಿ ಬಂದು, ಒಂದು ಹಿಡಿ ಗಂಜಿ ಉಂಡು, ಆ ಡಬ್ಬದೊಳಗೆ ಕುಳಿತು ಓದಿ ನಾನು ಬಿ.ಎ. ಮಾಡಿದೆ. ನಮ್ಮ ಕುಟುಂಬದಲ್ಲಿ ಅದಕ್ಕೆ ಮೊದಲು ಹೈಸ್ಕೂಲಿನ ಮೆಟ್ಟಿಲನ್ನು ದಾಟಿದವರು ಇಲ್ಲ. ಇದನ್ನು ಹೇಳುವುದು ಜಂಬ ಅನ್ನಿಸಿದರೆ ಜಂಬವೇ ಸರಿ. ಮನೆಯಲ್ಲಿ ಮೇಜು, ಕುರ್ಚಿ, ಕರೆಂಟು ಇದ್ದು ಓದಿದವರು ವಿನಯದಿಂದ ಇರಲಿ. ಅವರಿಗೆ ಅದು ಶೋಭಿಸುತ್ತದೆ.

ಫಲಿತಾಂಶ ಬಂದ ವಾರ ಅಮ್ಮ ಯಾರಿಗೂ ಹೇಳದೆ ರುಕ್ಮಯನನ್ನು ಕರೆತಂದಳು. ರುಕ್ಮಯ ಬಸ್ಸುಗಳಿಗೆ ಹೆಸರು ಬರೆಯುವವ. ಆಗಿನ ನಮ್ಮ ಊರ ಬಸ್ಸುಗಳ ಹಣೆಯ ಮೇಲಿನ ಅಕ್ಷರ ನೆನಪಿದೆಯಲ್ಲ, ಹೊಟ್ಟೆ ಉಬ್ಬಿಸಿಕೊಂಡು, ಹಿಂದೆ ಒಂದು ನೆರಳು ಎಳೆದುಕೊಂಡು ನಿಂತದ್ದು? ಅದೇ ಅಕ್ಷರದಲ್ಲಿ ಅವನು ಗಾಡಿಮನೆಯ ದಾರಿಯ ಕಡೆಯ ಮೈಗೆ ‘ಕೆ. ಸದಾನಂದ, ಬಿ.ಎ.’ ಎಂದು ಬರೆದ. ನೀಲಿ ಅಕ್ಷರ, ಕೆಂಪು ನೆರಳು.

“ಕೆಳಗೆ ಬಣ್ಣ ಹಿಡಿಯಲಿಕ್ಕೆ ಪ್ರೈಮರ್ ಹೊಡೆಯುವುದಿಲ್ವಾ?” ಎಂದು ಮಾವ ಕೇಳಿದರು.

“ಬೆಳ್ಳಿಯ ಹಾಗೆ ಉಂಟು ಮಾರಾಯ್ರೆ ತಗಡು. ಇದನ್ನು ಮುಚ್ಚಿದ್ರೆ ಪಾಪ ಬರ್ತದೆ” ಎಂದ ರುಕ್ಮಯ.

ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಹತ್ತಿರ ಬಂದಳು. “ರುಕ್ಮಯಾ, ಇದರಲ್ಲಿ ಬಿ.ಎ. ಯಾವುದು?”

ರುಕ್ಮಯ ಬ್ರಷ್ಷಿನ ಹಿಡಿಯಿಂದ ತೋರಿಸಿದ. “ಇಗಾ, ಈ ಕಡೆಯದ್ದು ಅಕ್ಕ. ಈ ಎರಡು ಅಕ್ಷರ.”

“ಇಷ್ಟೇಯಾ?” ಎಂದಳು. ಅಷ್ಟು ವರ್ಷದ ಬೀಡಿಗೆ ಎರಡೇ ಅಕ್ಷರವಾ ಎನ್ನುವ ಹಾಗೆ. ಆದರೂ ಬಣ್ಣ ಒಣಗುವವರೆಗೆ ಅಲ್ಲಿಯೇ ನಿಂತು ನೊಣ ಓಡಿಸಿದಳು.

ಬಣ್ಣ ಒಣಗಿತು. ಕೆಲಸ ಸಿಗಲಿಲ್ಲ.

ಆ ವರ್ಷಗಳ ಬಗ್ಗೆ ಹೆಚ್ಚು ಬರೆದರೆ ಪೆನ್ನು ಮುರಿದೀತು. ಉಡುಪಿಯಲ್ಲಿ ಹತ್ತದ ಮೆಟ್ಟಿಲಿಲ್ಲ. ಒಮ್ಮೆ ಮಣಿಪಾಲದ ಒಂದು ಕಚೇರಿಯಲ್ಲಿ, ಇಸ್ತ್ರಿ ಹಾಕಿದ ಅಂಗಿಯ ಒಬ್ಬರು ನನ್ನ ಅಂಕಪಟ್ಟಿಯನ್ನು ಬಿಡಿಸಿ ಕೂಡ ನೋಡದೆ ಕೇಳಿದರು: “ನಿಮ್ಮ ಮನೆಯವರೆಲ್ಲ ಎಂತ ಮಾಡಿಕೊಂಡಿದ್ದಾರೆ?” ಬೀಡಿ ಕಟ್ಟುತ್ತಾರೆ ಎಂದೆ. “ಹಾಗಾದ್ರೆ ನಿಮಗೆ ಮನೆಯಲ್ಲಿಯೇ ಉದ್ಯೋಗ ಉಂಟಲ್ವಾ!” ಎಂದು ನಕ್ಕರು, ಪಕ್ಕದವರನ್ನೂ ನಗಿಸಿದರು. ಗುಡ್ಡೆಯಿಂದ ಇಳಿದು ಉಡುಪಿಯವರೆಗೆ ನಡೆದೇ ಬಂದೆ. ಆ ನಗುವಿಗೆ ಅಲ್ಲಿಯೇ ಕೊಡಬೇಕಾಗಿದ್ದ ಉತ್ತರ ನನಗೆ ಹೊಳೆದದ್ದು ಕಾಪುವಿಗೆ ಬಂದು ಇಳಿದ ಮೇಲೆ. ಹೊಳೆದ ಉತ್ತರ ಏನೆಂದು ಇಲ್ಲಿ ಬರೆಯುವ ಹಾಗಿಲ್ಲ.

ಆದರೆ ಮಣಿಪಾಲದ ಆ ಮನುಷ್ಯ ಒಂದು ದಿನ ನಕ್ಕ. ನಮ್ಮ ದಾರಿಯವರು ದಿನಾ ನಕ್ಕರು. ಕಡಲಿಗೆ ಹೋಗುವವರು, ಬರುವವರು, ದೋಣಿ ಇಳಿಸದ ಮಳೆಗಾಲದಲ್ಲಿ ಕಟ್ಟೆಯ ಮೇಲೆ ಇಸ್ಪೀಟಿಗೆ ಕುಳಿತವರು, ಎಲ್ಲರ ಕಣ್ಣಿಗೂ ಆ ಬೋರ್ಡು ಬೀಳುವ ಹಾಗೆ ಅಮ್ಮನೇ ಬರೆಸಿದ್ದಳಲ್ಲ.

“ಓ ಬಿ.ಎ.! ಬಂಗುಡೆ ಬೇಕಾ? ಇಂಗ್ಲಿಷಿನಲ್ಲಿ ಕೇಳಿದ್ರೆ ಧರ್ಮಕ್ಕೆ ಕೊಡ್ತೇನೆ!”

“ಬಿ.ಎ.ಗೆ ಇವತ್ತು ರಜೆಯಾ?”

“ಅವನಿಗೆ ಯಾವತ್ತು ಕೆಲಸ ಇತ್ತು ಮಾರಾಯ, ರಜೆ ಹಾಕ್ಲಿಕ್ಕೆ?”

ಬೀಡಿ ಬ್ರಾಂಚಿನಲ್ಲಿಯೂ ಬಿಡಲಿಲ್ಲ. ಅಮ್ಮ ತಂದ ಬೀಡಿಯಲ್ಲಿ ಒಂದು ಹಿಡಿಯನ್ನು ತೆಗೆದು ಬದಿಗೆ ಹಾಕುತ್ತ ಅಲ್ಲಿಯವರು ಹೇಳುತ್ತಿದ್ದರಂತೆ: “ಬಿ.ಎ. ಮನೆಯ ಬೀಡಿ. ಆದ್ರೂ ಬಾಯಿ ಸರಿ ಮಡಚಲಿಲ್ಲ ನೋಡಿ.” ಇದನ್ನು ನನಗೆ ಹೇಳಿದ್ದು ಅತ್ತೆ. ಅಮ್ಮ ಹೇಳಲಿಲ್ಲ.

ಅದೇ ಕಾಲಕ್ಕೆ ನಮ್ಮೂರಿಗೆ ಸ್ಟಿಕ್ಕರು ಎಂಬ ಪೀಡೆ ಬಂತು. ಅದಕ್ಕೆ ಮೊದಲು ಪೋಸ್ಟರು ಮಾತ್ರ ಇತ್ತು. ಒಂದು ಮಳೆ ಬಂದರೆ ತೊಳೆದು ಹೋಗುತ್ತಿತ್ತು. ಸ್ಟಿಕ್ಕರು ಹಾಗಲ್ಲ. ಬೆನ್ನಿನ ಕಾಗದ ಸುಲಿದು ಒತ್ತಿದರೆ ಮುಗಿಯಿತು. ಬನಿಯನ್ನಿನದ್ದು, ತಲೆನೋವಿನ ಮುಲಾಮಿನದ್ದು, ಲಾಟರಿಯದ್ದು, ಸರ್ಕಸ್ಸಿನದ್ದು, ಚುನಾವಣೆಯದ್ದಂತೂ ಕೇಳುವುದೇ ಬೇಡ. ಗಲ್ಫಿನಿಂದ ಬಂದ ಶಿರ್ವದವರೊಬ್ಬರು ನಾವು ನೋಡಲಿ ಎಂದು ಅರಬ್ಬಿ ಅಕ್ಷರದ ಸ್ಟಿಕ್ಕರೊಂದನ್ನು ತಂದುಕೊಟ್ಟರು. ಮಾವ ಅದನ್ನೂ ಅಂಟಿಸಿದರು. ಎಂತದ್ದೆಂದು ಆಮೇಲೆ ನೋಡಿದರೆ ಹಾಲಿನ ಪುಡಿಯದ್ದು. ಮಾವನಿಗೆ ಯಾರನ್ನೂ ಬೇಡ ಎನ್ನಲು ಬಾಯಿ ಬಾರದು. “ಅಷ್ಟು ದೂರದಿಂದ ಬಂದಿದ್ದಾರೆ, ಒಂದು ಅಂಟಿಸಿಕೊಂಡು ಹೋಗ್ಲಿ ಬಿಡು. ತಗಡಿಗೆ ಎಂತ ಸವೆಯುವುದುಂಟಾ?” ಎನ್ನುವರು. ಇದು ಸೌಜನ್ಯವಂತೆ. ನಮ್ಮ ಕಡೆಯ ಇಂಥ ಸೌಜನ್ಯದಿಂದಲೇ ಗೋಡೆಗಳೆಲ್ಲ ಕಂಡವರ ಪಾಲಾಗಿವೆ.

ನಾನು ಆಗ ಬಿ.ಎಡ್‌ಗೆ ಸೇರಿ ಉಡುಪಿಯಲ್ಲಿ ಕೋಣೆ ಮಾಡಿದ್ದೆ. ಶನಿವಾರ ಬರುತ್ತಿದ್ದೆ. ಒಂದು ಶನಿವಾರ ಬಂದರೆ ‘ಬಿ.ಎ.’ ಇರಬೇಕಾದಲ್ಲಿ ಒಂದು ಸರ್ಕಸ್ಸಿನ ಹುಲಿ ಬಾಯಿ ತೆರೆದು ಕುಳಿತಿತ್ತು. ಅದಾಗಿ ಕೆಲವು ವಾರಕ್ಕೆ ‘ಸದಾನಂದ’ನ ಮೇಲೆ ಮುಲಾಮು, ‘ಕೆ.’ಯ ಮೇಲೆ ಬನಿಯನ್ನು. ಮಳೆಗಾಲ ಬರುವಷ್ಟರಲ್ಲಿ ಪೂರಾ ಹೆಸರು ಮುಚ್ಚಿತ್ತು.

“ಯಾರಮ್ಮ ಅಂಟಿಸಿದ್ದು?” ಎಂದು ಕೂಗಾಡಿದೆ.

“ಯಾರೋ ಬಂದು ಅಂಟಿಸಿ ಹೋದ್ರು.”

“ನೀನು ಎಂತ ಮಾಡ್ತಾ ಇದ್ದೆ?”

“ಬೀಡಿ ಕಟ್ತಾ ಇದ್ದೆ.”

ಅವತ್ತೇ ಕಿತ್ತು ಹಾಕಬಹುದಿತ್ತು. ಆದರೆ ಕಿತ್ತು ಏನು ತೋರಿಸುವುದು? ಕೆಲಸವಿಲ್ಲದವನ ಬಿ.ಎ.ಯನ್ನಾ? ಒಂದು ಕಡೆ ಖಾಯಂ ಕೆಲಸ ಸಿಗಲಿ, ಸಿಕ್ಕ ವಾರವೇ ಬಂದು ಇದಷ್ಟನ್ನೂ ಸುಲಿದು ಹೆಸರನ್ನು ಹೊರಗೆ ತೆಗೆಯುತ್ತೇನೆ, ಆಮೇಲೆ ಈ ದಾರಿಯವರು ಹೇಗೆ ನಗುತ್ತಾರೋ ನೋಡುತ್ತೇನೆ ಎಂದು ಮನಸ್ಸಿನಲ್ಲಿ ಹಲ್ಲು ಕಡಿದೆ. ಆಮೇಲಿನ ಮಳೆಗಾಲಗಳಲ್ಲಿ ಗಾಡಿಮನೆಯ ಎದುರು ಹಾದುಹೋಗುವಾಗಲೆಲ್ಲ ನಾನು ಆ ಹುಲಿಯ ಮುಖ ನೋಡಿಯೇ ಒಳಗೆ ಹೋಗುತ್ತಿದ್ದೆ.

ಕಾರ್ಕಳದ ಒಂದು ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಖಾಯಂ ಆಯಿತು. ಆ ವಾರದ ಶನಿವಾರ ಮಧ್ಯಾಹ್ನ ಪಾಠ ಮುಗಿಸಿ ಕಾರ್ಕಳದಿಂದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಸ್ಟಿಕ್ಕರು ಸುಲಿಯುತ್ತಲೇ ಬಂದೆ. ಕಾಪುವಿನಲ್ಲಿ ಇಳಿದವನು ಮನೆಗೆ ಮಿಠಾಯಿ ಒಯ್ಯಲಿಲ್ಲ. ಒಂದು ಬಾಟ್ಲಿ ಸೀಮೆಎಣ್ಣೆ ಒಯ್ದೆ.

ಭಾನುವಾರ ಬೆಳಿಗ್ಗೆ ಲುಂಗಿ ಮೇಲೆ ಕಟ್ಟಿ ಶುರುಮಾಡಿದೆ. ಮಾವ ಎಲೆಯಡಿಕೆಯ ತಟ್ಟೆ ಹಿಡಿದುಕೊಂಡು ಬಂದು ಮೆಟ್ಟಿಲಿನ ಮೇಲೆ ಕುಳಿತರು, ಆಟ ನೋಡಲು ಕುಳಿತವರ ಹಾಗೆ.

ಬಿಸಿಲು ಕುಡಿದು ಕುಡಿದು ಸ್ಟಿಕ್ಕರು ಹಪ್ಪಳವಾಗಿತ್ತು. ಎಳೆದರೆ ಇಡಿಯಾಗಿ ಬರುವುದಿಲ್ಲ. ಉಗುರಿನಷ್ಟು, ಅರ್ಧ ಉಗುರಿನಷ್ಟು. ಬನಿಯನ್ನಿನವನ ಒಂದು ಕೈ ಬಂತು, ಮೀಸೆ ಉಳಿಯಿತು. ಮೀಸೆ ಕೆರೆಯಲು ಒಂದು ಗಂಟೆ ಹೋಗಿರಬೇಕು. ಮೇಲಿನದ್ದು ಹೋದ ಮೇಲೆ ಅಸಲು ಶತ್ರು ಹೊರಗೆ ಬಂದ: ಅಂಟು. ಜೇನಿನ ಬಣ್ಣದ್ದು, ಕೆಲವು ಕಡೆ ಕಲ್ಲಿನ ಹಾಗೆ ಒಣಗಿದ್ದು, ಕೆಲವು ಕಡೆ ಇನ್ನೂ ಜಿಗುಟು. ಕಡಲಿನ ಗಾಳಿಯ ಹೊಯ್ಗೆ, ಧೂಳು, ಸತ್ತ ಸೊಳ್ಳೆ ಎಲ್ಲವೂ ಅದರಲ್ಲಿ ಕೂತಿದ್ದವು. ಸೀಮೆಎಣ್ಣೆಯ ಬಟ್ಟೆ ಒತ್ತಿ ಹಿಡಿದೆ. ಕರಗಿದ ಹಾಗೆ ಮಾಡಿತು. ಉಜ್ಜಿದರೆ ಕರಗಿದ್ದೆಲ್ಲ ಪಕ್ಕದ ಜಾಗಕ್ಕೆ ಹೋಗಿ ಅಲ್ಲಿ ಹಿಡಿದುಕೊಂಡಿತು. ಬೂದಿ ಹಾಕಿದೆ. ತೆಂಗಿನೆಣ್ಣೆ ಸವರಿದೆ. ಕತ್ತಿಯ ಬೆನ್ನಿನಲ್ಲಿ ಕೆರೆದರೆ ತಗಡಿಗೆ ಗೀರು ಬೀಳುತ್ತದೆಂದು ತೆಂಗಿನ ಗೆರಟೆ ಒಡೆದು ಅದರ ಅಂಚಿನಿಂದ ಮೆಲ್ಲ ಕೆರೆದೆ.

“ಅಷ್ಟು ಸಿಟ್ಟಿನಲ್ಲಿ ಕೆರೆದ್ರೆ ಬಣ್ಣವೂ ಬರ್ತದೆ ಸದೂ” ಎಂದರು ಮಾವ.

“ಅಂಟಿಸುವಾಗ ಬೇಡ ಅನ್ನಲಿಕ್ಕೆ ನಿಮಗೆ ಬಾಯಿ ಇರ್ಲಿಲ್ಲ. ಈಗ ಬಂತಾ?”

“ಖಾಯಂ ಆದ್ಮೇಲೆ ನಿನ್ನ ಬಾಯಿ ಜೋರಾಯ್ತು ಮಾರಾಯ.”

ಆದರೆ ಮಾವ ಹೇಳಿದ್ದು ಆಗಿಯೇಬಿಟ್ಟಿತು. ಗೆರಟೆಯ ಅಂಚಿನಲ್ಲಿ ಅಂಟಿನ ಒಂದು ಸುರುಳಿ ಎದ್ದು ಬಂತು. ಅದರ ಹೊಟ್ಟೆಯಲ್ಲಿ ನೀಲಿ. ಬಟ್ಟೆಯಿಂದ ಒರೆಸಿ ನೋಡಿದೆ. ‘ಕೆ.’ ಇಲ್ಲ. ಬರೀ ಬೆಳ್ಳನೆಯ ತಗಡು. ರುಕ್ಮಯ ಪ್ರೈಮರ್ ಇಲ್ಲದೆ ಬರೆದ ಬಣ್ಣ ತಗಡನ್ನು ಬಿಟ್ಟು ಅಂಟನ್ನೇ ಹಿಡಿದುಕೊಂಡಿತ್ತು. ಮೆಲ್ಲ ಕೆರೆದರೂ ಅಷ್ಟೇ, ಎಣ್ಣೆಯಲ್ಲಿ ನೆನೆಸಿದರೂ ಅಷ್ಟೇ. ‘ಸ’ ಹೋಯಿತು. ‘ದಾ’ ಹೋಯಿತು. ನನ್ನ ಹೆಸರನ್ನು ನಾನೇ, ನನ್ನ ಕೈಯಾರೆ, ಒಂದೊಂದೇ ಅಕ್ಷರವಾಗಿ ಗೆರಟೆಯಲ್ಲಿ ಹೆರೆದು ಅಂಗಳಕ್ಕೆ ಬೀಳಿಸುತ್ತಿದ್ದೆ. ಮಧ್ಯಾಹ್ನವಾಗುವಾಗ ಸದಾನಂದ ಪೂರಾ ಹೋಗಿದ್ದ.

ಆಗ ನನಗೆ ಬಂದ ಸಿಟ್ಟನ್ನು ಯಾರ ಮೇಲೆ ಇಡುವುದೆಂದೇ ತಿಳಿಯಲಿಲ್ಲ. ಮುಲಾಮಿನವನ ಮೇಲಾ, ಬನಿಯನ್ನಿನವನ ಮೇಲಾ, ರುಕ್ಮಯನ ಮೇಲಾ? ಉಳಿದದ್ದು ಆ ಸರ್ಕಸ್ಸಿನ ಹುಲಿ, ಅದರ ಕೆಳಗಿನ ಬಿ.ಎ. ಹೆಸರು ಹೋದರೆ ಹೋಗಲಿ, ಹೆಸರನ್ನು ಇಟ್ಟವರು ಬೇರೆಯವರು, ಬಿ.ಎ. ನಾನು ಮಾಡಿದ್ದು. ಅದೊಂದು ಉಳಿಯಲಿ ಎಂದುಕೊಂಡು, ಊಟಕ್ಕೆ ಕರೆದರೂ ಏಳದೆ, ಹುಲಿಯ ಒಂದು ಮೂಲೆಯನ್ನು ನೀರು ಹಾಕಿ ಉಸಿರು ಬಿಗಿಹಿಡಿದು ಎತ್ತಿದೆ.

ಹುಲಿ ಸುಲಭವಾಗಿ ಬಂತು. ಅದು ತಗಡಿಗೆ ಅಂಟಿರಲೇ ಇಲ್ಲ. ಅದರ ಕೆಳಗೆ ಇನ್ನೊಂದು ಕಾಗದವಿತ್ತು. ಆ ಕಾಗದದ ತುಂಬ ಒಂದೇ ಒಂದು ಕೊಡೆಯ ಚಿತ್ರ, ಸಾಲು ಸಾಲಾಗಿ, ಕತ್ತರಿಸದೆ ಬಿಟ್ಟದ್ದು. ಬೀಡಿಯ ಲೇಬಲ್. ಬ್ರಾಂಚಿನಲ್ಲಿ ಹಾಳೆಗಟ್ಟಲೆ ಬಂದು, ಅಲ್ಲಿಯೇ ಕತ್ತರಿಸಿ ಕಟ್ಟಿಗೆ ಹಚ್ಚುವುದು. ಹೊರಗಿನವರ ಕೈಗೆ ಇಡೀ ಹಾಳೆ ಸಿಗುವುದಿಲ್ಲ. ಅಂಚಿನಲ್ಲಿ ಒಸರಿ ಒಣಗಿದ ಮೈದಾ ಅಂಟು. ತಿಳಿನೀಲಿ ಬಣ್ಣದ್ದು.

ಆ ಹಾಳೆ ಸರಿಯಾಗಿ ‘ಬಿ.ಎ.’ಯ ಮೇಲೆ ಮಾತ್ರ ಇತ್ತು. ಒಂದು ಬೆರಳಿನಷ್ಟೂ ಆಚೆ ಹೋಗಿರಲಿಲ್ಲ.

ಜಗಲಿಗೆ ಹೋದೆ. ಅಮ್ಮ ಬೀಡಿ ಕಟ್ಟುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ನೀನಾ ಅಂಟಿಸಿದ್ದು?”

“ಹೌದು.”

“ಯಾರೋ ಅಂಟಿಸಿ ಹೋದ್ರು ಅಂದೆ?”

“ಹುಲಿಯನ್ನು ಯಾರೋ ಅಂಟಿಸಿದ್ದು. ಅದರ ಅಡಿಯದ್ದು ನಾನು. ನೀನು ಕೇಳಿದ್ದು ಹುಲಿಯನ್ನು.”

“ಎಂತಕ್ಕಮ್ಮ? ನೀನೇ ಬರೆಸಿ ನೀನೇ...” ಕೈಯಲ್ಲಿದ್ದ ಗೆರಟೆಯನ್ನು ಅಂಗಳಕ್ಕೆ ಎಸೆದೆ. “ನಿನಗೆ ನಾಚಿಕೆ ಆಯ್ತಾ ನನ್ನ ಓದಿನ ಬಗ್ಗೆ?”

ಈಗ ಅವಳ ಕೈ ನಿಂತಿತು. ಮೊರವನ್ನು ಎಷ್ಟು ಜೋರಾಗಿ ಕೆಳಗಿಟ್ಟಳೆಂದರೆ ಹೊಗೆಸೊಪ್ಪಿನ ಪುಡಿ ಎದ್ದು ನನ್ನ ಮೂಗಿಗೆ ಬಂತು.

“ನಾಚಿಕೆಯಾ? ನನಗಾ? ಆ ದಾರಿಯಲ್ಲಿ ಹೋಗುವ ಒಬ್ಬೊಬ್ಬನೂ ಅದನ್ನು ಓದಿ ಓದಿ ಬಾಯಿಗೆ ಬಂದ ಹಾಗೆ ಹೇಳ್ತಿದ್ದ. ನಿನ್ನ ಹೆಸರು ಯಾರೂ ಹೇಳ್ತಿರ್ಲಿಲ್ಲ. ಬಿ.ಎ., ಬಿ.ಎ. ಅಂತ ಅದೊಂದನ್ನೇ. ನನಗೆ ಓದ್ಲಿಕ್ಕೆ ಬರುವುದಿಲ್ಲ, ಕೇಳ್ಲಿಕ್ಕೆ ಬರ್ತದೆ. ನೀನು ಶನಿವಾರ ಬಂದವನು ಅದರ ಎದುರು ನಿಂತು ನೋಡ್ತಿದ್ದೆ, ಒಳಗೆ ಬಂದು ಉಣ್ಣದೆ ಮಲಗ್ತಿದ್ದೆ. ಎಷ್ಟು ದಿನ ನೋಡುವುದು ನಾನು? ನಾಯಿಗಳ ಬಾಯಿಗೆ ಸಿಕ್ಕದ ಹಾಗೆ ಮುಚ್ಚಿಟ್ಟೆ. ಕೆಲಸ ಸಿಕ್ಕಿದ ಮೇಲೆ ತೆಗೆದ್ರಾಯ್ತು ಅಂತ. ಜಿರಲೆ ತಿನ್ನದ ಅಂಟನ್ನೇ ಹಾಕಿದ್ದೇನೆ, ನೋಡು.”

“ಹೇಳಬಹುದಿತ್ತಲ್ಲ.”

“ಹೇಳಿದ್ರೆ ನೀನು ಕಿತ್ತು ಹಾಕ್ತಿದ್ದೆ. ನಿನ್ನ ಸಿಟ್ಟು ನನಗೆ ಗೊತ್ತಿಲ್ವಾ? ನನ್ನದೇ ಅಲ್ವಾ ಅದು?”

ಮಾವ ಮೆಟ್ಟಿಲಿನಿಂದ ಎದ್ದು, ಎಲೆಯಡಿಕೆಯ ತಟ್ಟೆಯನ್ನು ತೆಗೆದುಕೊಂಡು ತೋಟದ ಕಡೆಗೆ ಹೋದರು.

ತಿರುಗಿ ಬಂದು ಉಳಿದ ಹಾಳೆಗೆ ನೀರು ಹೊಡೆದೆ. ಈಗ ನನಗೆ ಎಲ್ಲರ ಮೇಲಿನ ಸಿಟ್ಟೂ ಒಂದೇ ಕೈಗೆ ಇಳಿದಿತ್ತು. ಹಾಳೆ ಕೊಳೆತ ಬಾಳೆಲೆಯ ಹಾಗೆ ಜಾರಿ ಬಂತು. ಅದರ ಬೆನ್ನಿಗೆ ನೀಲಿ ಬಣ್ಣ, ಕೆಂಪು ನೆರಳು, ಎರಡೂ ಚಕ್ಕೆ ಚಕ್ಕೆಯಾಗಿ ಎದ್ದು ಬಂದವು. ಮುಗಿಯಿತು. ಬಿ.ಎ.ಯೂ ಹೋಯಿತು. ನೀರಿನ ಬಾಲ್ದಿಯನ್ನು ಕಾಲಿನಿಂದ ಒದ್ದೆ. ಅದು ಉರುಳಿಕೊಂಡು ಹೋಗಿ ಬಾವಿಕಟ್ಟೆಗೆ ಬಡಿಯಿತು. ಮಾಡಲು ಇನ್ನೇನೂ ಉಳಿಯದೆ, ತಗಡಿನ ಮೇಲಿನ ನೀಲಿ ಗಸಿಯನ್ನು ಅಂಗಿಯಿಂದಲೇ ಒರೆಸಿದೆ.

ಒರೆಸಿದಲ್ಲಿ ‘ಬಿ’ ಇತ್ತು.

ಮತ್ತೆ ಒರೆಸಿದೆ. ಬಣ್ಣವಲ್ಲ. ಹಾಳೆಯಿದ್ದ ಚೌಕದ ಉದ್ದಗಲಕ್ಕೂ ತಗಡು ಸಿಡುಬು ಬಂದವರ ಮುಖದ ಹಾಗೆ ಕಪ್ಪಾಗಿ, ತರಿ ತರಿಯಾಗಿ ತಿಂದುಹೋಗಿತ್ತು. ಅದರ ನಡುವೆ ಎರಡು ಅಕ್ಷರಗಳು ಮಾತ್ರ ಮೊದಲಿನ ತಗಡಿನ ಬಣ್ಣದಲ್ಲಿ, ನುಣ್ಣಗೆ, ಬೆಳ್ಳಗೆ ನಿಂತಿದ್ದವು. ರುಕ್ಮಯನ ಹೊಟ್ಟೆಯುಬ್ಬಿದ ಅಕ್ಷರಗಳೇ. ನೆರಳು ಸಹಿತ.

ನಾನು ಓದಿದ್ದು ಇತಿಹಾಸ. ಇದು ಹೇಗಾಯಿತೆಂದು ಆಗ ತಿಳಿಯಲಿಲ್ಲ. ಸೋಮವಾರ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಮೈಲುತುತ್ತು, ಅದರ ಜೊತೆಗೆ ಕಡಲಿನ ಉಪ್ಪುಗಾಳಿ ಸೇರಿದರೆ ಅಲ್ಯೂಮಿನಿಯಂ ಅನ್ನು ತಿನ್ನುತ್ತದಂತೆ. ಬಣ್ಣವಿದ್ದಲ್ಲಿ ಅದಕ್ಕೆ ಬಾಯಿ ಹಾಕಲು ಆಗಿಲ್ಲ, ಬಣ್ಣವಿಲ್ಲದಲ್ಲಿ ತಿಂದಿದೆ. “ಯಾರು ಮಾರಾಯ್ರೆ ಅಲ್ಯೂಮಿನಿಯಮ್ಮಿಗೆ ಬೀಡಿ ಅಂಟು ಹಚ್ಚಿದ ಬುದ್ಧಿವಂತರು?” ಎಂದು ಕೇಳಿ ಅವರು ನಕ್ಕರು. ನಮ್ಮಮ್ಮ ಎಂದೆ. ನನ್ನ ಮುಖ ನೋಡಿ ನಗು ನಿಲ್ಲಿಸಿದರು.

ಆದರೆ ಆ ಭಾನುವಾರ ನಾನು ಅಮ್ಮನನ್ನು ಕೂಗಿದೆ. ಅವಳು ಇನ್ನೂ ಜಗಳದ ಮುಖದಲ್ಲಿಯೇ ಬಂದಳು. ತಿಂದುಹೋದ ತಗಡನ್ನು ಕಂಡು, “ಅಯ್ಯೋ, ಹಾಳಾಯ್ತಾ?” ಎಂದು ತಿಳಿನೀಲಿ ಬೆರಳುಗಳಿಂದ ಸವರಿದಳು. ತರಿತರಿಯ ಮೇಲೆ ಹೋಗುತ್ತಿದ್ದ ಬೆರಳು ನುಣುಪಿಗೆ ಬಂದು ನಿಂತಿತು. ನುಣುಪಿನ ದಾರಿಯಲ್ಲಿಯೇ ಮೇಲೆ ಹೋಯಿತು, ತಿರುಗಿತು, ಕೆಳಗೆ ಬಂತು. ಅವಳ ಹಣೆ ಗಂಟಿಕ್ಕಿತು. ಇನ್ನೊಮ್ಮೆ ಹೋಯಿತು.

“ಇದು ಅದೇ ಅಲ್ವಾ?”

“ಅದೇ.”

“ಇದನ್ನು ಸುಲಿಯಲಿಕ್ಕೆ ಆಗ್ತದಾ ಯಾರಿಗಾದ್ರೂ?”

“ಆಗುವುದಿಲ್ಲ.”

“ಹ್ಞಂ” ಎಂದಳು. ಒಳಗೆ ಹೋಗಿ ಮೊರ ಹಿಡಿದುಕೊಂಡಳು.

ಹೆಸರನ್ನು ಪುನಃ ಬರೆಸು ಎಂದು ಮಾವ ಎಷ್ಟೋ ಸಲ ಹೇಳಿದರು. ನಾನು ಬರೆಸಲಿಲ್ಲ. ಗಾಡಿಮನೆಯ ಮೈಮೇಲೆ ಈಗಲೂ ಯಾರದ್ದೆಂದು ಹೇಳದ ಒಂದು ಬಿ.ಎ. ಇದೆ. ಆ ಕೋಳಿಯ ಸಂತತಿಯ ಯಾವುದೋ ಒಂದು ಬೇಸಿನ್ನಿನಲ್ಲಿ ಇದೆ.

ಸುಲಿಯಲು ಆಗದು ಎಂದೆ, ಆದರೆ ಮುಚ್ಚಲು ಆಗುತ್ತದಲ್ಲ. ಅದರ ಮುಂದಿನ ಚುನಾವಣೆಗೆ ನಾನು ಊರಿನಲ್ಲಿಯೇ ಇದ್ದೆ. ಮಧ್ಯಾಹ್ನ ಒಬ್ಬ ಗೃಹಸ್ಥ ಕಂಕುಳಲ್ಲಿ ಸ್ಟಿಕ್ಕರಿನ ಕಟ್ಟು ಹಿಡಿದುಕೊಂಡು ಬಂದ. ಬೆಳ್ಳಗಿನ ಅಂಗಿ, ಪ್ಯಾಂಟು, ಕಿಸೆಯಲ್ಲಿ ಎರಡು ಪೆನ್ನು. ಜಗಲಿಯಲ್ಲಿದ್ದ ಮಾವನಿಗೆ ಕೈ ಮುಗಿದ. ಮಾವನೂ ಮುಗಿದರು. ಸ್ಟಿಕ್ಕರಿನ ಬೆನ್ನಿನ ಕಾಗದವನ್ನು ಸುಲಿಯುತ್ತ ಅವನು ನೇರವಾಗಿ ಆ ಕಪ್ಪು ಚೌಕದ ಹತ್ತಿರ ಹೋದ. ನನ್ನ ಮೈಯೆಲ್ಲ ಉರಿಯಿತು. ನಾನು ಎದ್ದು ಚಪ್ಪಲಿ ಮೆಟ್ಟುವಷ್ಟರಲ್ಲಿ ನನ್ನ ಪಕ್ಕದಿಂದ ಏನೋ ದಾಟಿಹೋಯಿತು. ಮಡಿಲಿನ ಬೀಡಿ ಎಲೆಗಳು ಅಂಗಳದ ತುಂಬ ಉದುರುತ್ತಿದ್ದವು, ಎಲೆ ಕತ್ತರಿಸುವ ಕತ್ತರಿ ಕೈಯಲ್ಲಿಯೇ ಇತ್ತು. ತನ್ನ ಹೆಸರಿನ ಮೊದಲ ಅಕ್ಷರವನ್ನೂ ಗುರುತಿಸಲಾಗದ ನನ್ನ ಅಮ್ಮ, ಎರಡು ಪೆನ್ನಿನ ಆ ಮನುಷ್ಯನಿಗೂ ಗಾಡಿಮನೆಗೂ ನಡುವೆ ಹೋಗಿ ನಿಂತು, ಕಡಲಿನವರೆಗೆ ಕೇಳುವ ಹಾಗೆ ಕೂಗಿದಳು:

“ಬರೆದದ್ದು ಕಾಣುವುದಿಲ್ವಾ? ಓದ್ಲಿಕ್ಕೆ ಬರುವುದಿಲ್ವಾ ನಿಮಗೆ?”